ಸಿಡ್ನಿಯಿಂದ ಬ್ಲೂ ಮೌಂಟನ್ಸ್‌ಗೆ ಒಂದು ದಿನದ ಗೈಡೆಡ್ ಟ್ರೆಕ್: ಎಷ್ಟು ಗಂಟೆ ನಡೆಸ್ತಾರೆ ಕೇಳಿ, ಆಮೇಲೆ ದುಡ್ಡು ಕಟ್ಟಿ

ಸಿಡ್ನಿಯ ಯಾವ ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗೆ ಹೋದರೂ ರಿಸೆಪ್ಷನ್ ಪಕ್ಕ ಬ್ಲೂ ಮೌಂಟನ್ಸ್ ಟೂರಿನ ಪಾಂಪ್ಲೆಟ್‌ಗಳು ಸಾಲಾಗಿ ಇರುತ್ತವೆ. ಮುಖಪುಟದಲ್ಲಿ ತ್ರೀ ಸಿಸ್ಟರ್ಸ್ ಬಂಡೆಗಳು, ಬೆನ್ನಿಗೆ ಬ್ಯಾಗ್ ಹಾಕಿ ನಿಂತ ನಾಲ್ಕು ಜನ. ಬೆಲೆಯಲ್ಲೂ ದೊಡ್ಡ ಅಂತರ ಕಾಣುವುದಿಲ್ಲ, ತಲೆಗೆ 120ರಿಂದ 200 ಆಸ್ಟ್ರೇಲಿಯನ್ ಡಾಲರ್ ಆಸುಪಾಸು. ಆದರೆ ಒಳಗಿನ ಸರಕು ಬೇರೆ ಬೇರೆ. ಒಂದು ಟ್ರಿಪ್ಪಿನಲ್ಲಿ ನಾಲ್ಕೈದು ಗಂಟೆ ಕಾಡಿನೊಳಗೆ ನಡೆಯುತ್ತೀರಿ. ಇನ್ನೊಂದರಲ್ಲಿ ಅಷ್ಟೇ ಹೊತ್ತು ವ್ಯಾನಿನಲ್ಲಿ ಕೂತು, ಮುಕ್ಕಾಲು ಗಂಟೆ ಕಲ್ಲುಹಾಸಿನ ದಾರಿಯಲ್ಲಿ ಓಡಾಡಿ ವಾಪಸ್ ಬರುತ್ತೀರಿ. ಎರಡಕ್ಕೂ ‘ಹೈಕಿಂಗ್ ಡೇ ಟ್ರಿಪ್’ ಅಂತಲೇ ಹೆಸರು.

ಹಾಗಾಗಿ ಬುಕ್ ಮಾಡುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಊಟದ್ದೂ ಅಲ್ಲ, ಕಾಂಗರೂ ತೋರಿಸುತ್ತೀರಾ ಅನ್ನುವುದೂ ಅಲ್ಲ. ದಾರಿಯ ಹೆಸರೇನು, ಅದರಲ್ಲಿ ಎಷ್ಟು ಗಂಟೆ ನಡಿಗೆ? ಈ ಎರಡಕ್ಕೆ ನೇರ ಉತ್ತರ ಬಂದರೆ ಅದು ಟ್ರೆಕ್. ‘ಮೂರ್ನಾಲ್ಕು ವ್ಯೂ ಪಾಯಿಂಟ್, ಸ್ವಲ್ಪ ಬುಷ್‌ವಾಕ್’ ಅಂದರೆ ಅದು ಸೈಟ್‌ಸೀಯಿಂಗ್. ಅದೂ ಒಳ್ಳೆಯದೇ, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಅದೇ ಸರಿ. ಆದರೆ ಕುದುರೆಮುಖ, ಕುಮಾರಪರ್ವತ ಹತ್ತಿ ಇಳಿದ ಕಾಲುಗಳಿಗೆ ಅದು ಸಾಲುವುದಿಲ್ಲ.

ದಿನದ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 7ಕ್ಕೆ ಪಿಕಪ್ ಶುರು. ನಗರದ ಮೂರ್ನಾಲ್ಕು ಕಡೆ ಜನರನ್ನು ಹತ್ತಿಸಿಕೊಂಡು ಎಂ4 ಹೆದ್ದಾರಿ ಹಿಡಿಯುವಾಗ ಏಳೂಮುಕ್ಕಾಲು ಆಗಿರುತ್ತದೆ. ಬೆಟ್ಟದ ಮುಖ್ಯ ಊರು ಕಟೂಂಬಾ, ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್. ನಡುವೆ ಒಂದು ಟಾಯ್ಲೆಟ್ ಸ್ಟಾಪ್ ಸೇರಿಸಿದರೆ ಒಂಬತ್ತೂವರೆಗೆ ತಲುಪುತ್ತೀರಿ. ಸಂಜೆ 4ಕ್ಕೆ ಅಲ್ಲಿಂದ ಹೊರಟರೆ 6ಕ್ಕೆ ಸಿಡ್ನಿ. ಅಲ್ಲಿಗೆ ಬೆಟ್ಟದ ಮೇಲೆ ಕೈಗೆ ಸಿಗುವುದು ಆರೂವರೆ ಗಂಟೆ. ಇದರಲ್ಲಿ ತ್ರೀ ಸಿಸ್ಟರ್ಸ್ ಕಾಣುವ ಎಕೋ ಪಾಯಿಂಟ್‌ಗೆ ಮುಕ್ಕಾಲು ಗಂಟೆ, ಸೀನಿಕ್ ವರ್ಲ್ಡ್‌ನ ರೈಲು–ರೋಪ್‌ವೇಗೆ ಎರಡು ಗಂಟೆ, ಲ್ಯೂರಾದ ಕೆಫೆ ಬೀದಿಯಲ್ಲಿ ಊಟಕ್ಕೆ ಒಂದು ಗಂಟೆ. ವಾಪಸ್ ಬರುವಾಗ ಪ್ರಾಣಿಸಂಗ್ರಹಾಲಯವೂ ಇದ್ದರೆ ಅದಕ್ಕಾಗಿ ಬೆಟ್ಟದಿಂದ ಇನ್ನೂ ಒಂದೂವರೆ ಗಂಟೆ ಮೊದಲೇ ಇಳಿಯಬೇಕು. ಕಳೆದು ನೋಡಿ, ನಡಿಗೆಗೆ ಉಳಿಯುವುದು ಒಂದೂಕಾಲು ಗಂಟೆ. ಟೂರಿನವರು ಮೋಸ ಮಾಡುತ್ತಿದ್ದಾರೆ ಅಂತಲ್ಲ. ಪಾಂಪ್ಲೆಟ್‌ನಲ್ಲಿ ಬರೆದ ಎಲ್ಲವನ್ನೂ ಅವರು ತೋರಿಸುತ್ತಾರೆ. ಎಲ್ಲವನ್ನೂ ತೋರಿಸುವುದೇ ತೊಂದರೆ. ಟ್ರೆಕ್ ಬೇಕು ಅನ್ನುವವರು ಪಟ್ಟಿ ಚಿಕ್ಕದಿರುವ ಟ್ರಿಪ್ಪನ್ನು ಆರಿಸಿಕೊಳ್ಳಬೇಕು. ಒಂದು ದೊಡ್ಡ ದಾರಿ, ಒಂದು ವ್ಯೂ ಪಾಯಿಂಟ್, ದಾರಿಯಲ್ಲೇ ಬುತ್ತಿ.

ಇನ್ನೊಂದು ವಿಷಯ ಪಶ್ಚಿಮ ಸಿಡ್ನಿಯಲ್ಲಿ ಮನೆ ಮಾಡಿರುವ ನಮ್ಮವರಿಗೆ. ಟೂರ್ ವ್ಯಾನುಗಳ ಪಿಕಪ್ ಹೆಚ್ಚಾಗಿ ನಗರದ ಮಧ್ಯಭಾಗದಲ್ಲಿ. ಪ್ಯಾರಮಟ್ಟಾ, ವೆಸ್ಟ್‌ಮೀಡ್ ಕಡೆ ಇರುವವರು ನಸುಕಿಗೇ ಎದ್ದು ಪೂರ್ವಕ್ಕೆ ಹೋಗಿ, ಅದೇ ವ್ಯಾನಿನಲ್ಲಿ ಮತ್ತೆ ತಮ್ಮ ಮನೆ ಮುಂದಿನ ಹೆದ್ದಾರಿಯಲ್ಲೇ ಪಶ್ಚಿಮಕ್ಕೆ ಬರುತ್ತಾರೆ. ಬ್ಲೂ ಮೌಂಟನ್ಸ್ ರೈಲು ಪ್ಯಾರಮಟ್ಟಾದಲ್ಲಿ ನಿಲ್ಲುತ್ತದೆ. ರೈಲಿನಲ್ಲಿ ನೇರವಾಗಿ ಕಟೂಂಬಾಗೆ ಹೋಗಿ, ಅಲ್ಲಿಂದಲೇ ನಡಿಗೆ ಶುರು ಮಾಡುವ ಸ್ಥಳೀಯ ಗೈಡ್ ಕಂಪನಿಗಳ ಜೊತೆ ಸೇರಿಕೊಳ್ಳುವುದು ಎಷ್ಟೋ ಮೇಲು. ವ್ಯಾನಿನ ಗಂಟೆಗಳು ಉಳಿಯುತ್ತವೆ, ಗುಂಪೂ ಚಿಕ್ಕದಿರುತ್ತದೆ.

ಈಗ ಬೆಟ್ಟದ ವಿಷಯ. ಇದನ್ನು ತಿಳಿದುಕೊಳ್ಳದೆ ಹೋದ ಎಷ್ಟೋ ಗಟ್ಟಿ ಟ್ರೆಕ್ಕರ್‌ಗಳು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಕೂತುಬಿಡುತ್ತಾರೆ. ಸಹ್ಯಾದ್ರಿಯಲ್ಲಿ ನಾವು ಬುಡದಿಂದ ಹೊರಟು ಬೆಳಗಿನ ತಂಪಿನಲ್ಲಿ ಹತ್ತುತ್ತೇವೆ, ಆಮೇಲೆ ಇಳಿಯುತ್ತೇವೆ. ಬ್ಲೂ ಮೌಂಟನ್ಸ್ ಹೆಸರಿಗೆ ಬೆಟ್ಟ, ಆಕಾರದಲ್ಲಿ ಅದೊಂದು ಪ್ರಸ್ಥಭೂಮಿ. ಊರು, ರೈಲು, ಹೆದ್ದಾರಿ ಎಲ್ಲ ಮೇಲೇ ಇವೆ. ಕಟೂಂಬಾ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರ. ನೀರು ಮರಳುಗಲ್ಲನ್ನು ಕೊರೆದು ಕೊರೆದು ಕಣಿವೆ ಮಾಡಿದೆ. ಹಾಗಾಗಿ ಇಲ್ಲಿ ಮೊದಲು ಇಳಿಯಬೇಕು, ಕೊನೆಗೆ ಹತ್ತಬೇಕು. ಇಳಿಯುವಾಗ ಹುರುಪು, ಕಾಲು ತಾನಾಗಿ ಓಡುತ್ತದೆ. ನೀರು ಖಾಲಿಯಾಗಿ, ಊಟ ಹೊಟ್ಟೆಯಲ್ಲಿ ಭಾರವಾಗಿ ಕೂತ ಹೊತ್ತಿಗೆ ಸಾವಿರ ಮೆಟ್ಟಿಲು ಎದುರಿಗೆ ನಿಲ್ಲುತ್ತವೆ. ಒಳ್ಳೆಯ ಗೈಡ್ ಇಳಿಯುವಾಗಲೇ ವೇಗ ಕಡಿಮೆ ಮಾಡಿಸುತ್ತಾನೆ, ತಳದಲ್ಲಿ ಎಲ್ಲರ ಬಾಟಲಿ ನೋಡುತ್ತಾನೆ, ಊಟವನ್ನು ಏರು ಶುರುವಾಗುವ ಜಾಗದಲ್ಲಿ ಇಡದೆ ಅದಕ್ಕೆ ಅರ್ಧ ಗಂಟೆ ಮೊದಲೇ ಮುಗಿಸುತ್ತಾನೆ. ಗೈಡ್ ಪಳಗಿದವನೋ ಅಲ್ಲವೋ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಗೈಡ್ ಇಟ್ಟುಕೊಂಡು ಹೋಗಲು ಯೋಗ್ಯವಾದ ದಾರಿ ಯಾವುದು ಅಂದರೆ, ಒಂದೇ ದಿನ ಇರುವವರಿಗೆ ಬ್ಲ್ಯಾಕ್‌ಹೀತ್ ಹತ್ತಿರದ ಗ್ರ್ಯಾಂಡ್ ಕ್ಯಾನಿಯನ್ ಟ್ರ್ಯಾಕ್. ಸುತ್ತಿಕೊಂಡು ಬಂದರೆ ಸುಮಾರು 6 ಕಿಲೋಮೀಟರ್, 3ರಿಂದ 4 ಗಂಟೆ. ದೂರ ಕೇಳಿ ಸಣ್ಣದು ಅನ್ನಿಸುತ್ತದೆ. ಆದರೆ ಅದರಲ್ಲಿ ಸಮತಟ್ಟಾದ ಭಾಗ ಬಹಳ ಕಡಿಮೆ. ಬ್ಲ್ಯಾಕ್‌ಹೀತ್ ರೈಲು ನಿಲ್ದಾಣದಿಂದ ದಾರಿಯ ಒಂದು ತುದಿಯಾದ ಎವನ್ಸ್ ಲುಕ್‌ಔಟ್ ಐದಾರು ಕಿಲೋಮೀಟರ್ ಟಾರು ರಸ್ತೆ. ಕಾರಿಲ್ಲದ ಬ್ಯಾಕ್‌ಪ್ಯಾಕರ್‌ಗೆ ಹೋಗಿ ಬರುವುದರಲ್ಲೇ ಎರಡು ಗಂಟೆಗೂ ಹೆಚ್ಚು ಹೊತ್ತು ಹೋಗುತ್ತದೆ. ಟೂರಿನ ವ್ಯಾನ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ಇನ್ನೊಂದು ತುದಿಯಾದ ನೀಟ್ಸ್ ಗ್ಲೆನ್ ಕಡೆಯಿಂದ ಇಳಿಯುವುದು ಒಳ್ಳೆಯ ದಿಕ್ಕು. ಶುರುವಿನಲ್ಲಿ ಒಣ ಕಾಡು: ನೀಲಗಿರಿ ಮರ, ಬ್ಯಾಂಕ್ಸಿಯಾ ಪೊದೆ, ಕಾಲಡಿ ಗರಿಗರಿ ತೊಗಟೆ. ಬಯಲುಸೀಮೆಯ ನೆಡುತೋಪುಗಳಲ್ಲಿ ನಾವು ನೋಡಿ ಬೇಸತ್ತ ನೀಲಗಿರಿ ಒಂದೆರಡು ಜಾತಿಯದು. ಈ ಪ್ರದೇಶದಲ್ಲಿ ತೊಂಬತ್ತಕ್ಕೂ ಹೆಚ್ಚು ಜಾತಿಗಳಿವೆ, 2000ರಲ್ಲಿ ಯುನೆಸ್ಕೋ ವಿಶ್ವಪರಂಪರೆ ಪಟ್ಟಿಗೆ ಸೇರಲು ಅದೂ ಒಂದು ದೊಡ್ಡ ಕಾರಣ. ಎಲೆಗಳ ಎಣ್ಣೆ ಬಿಸಿಲಿಗೆ ಗಾಳಿಗೆ ಸೇರಿ, ದೂರದ ಕಣಿವೆಗಳ ಮೇಲೆ ನೀಲಿ ಮಬ್ಬು ಕವಿಯುತ್ತದೆ. ಆ ಮಬ್ಬಿನಿಂದಲೇ ಬೆಟ್ಟಕ್ಕೆ ಹೆಸರು. ‘ಬ್ಲೂ ಮೌಂಟನ್ಸ್’ ಅನ್ನುವುದನ್ನು ಕನ್ನಡಕ್ಕೆ ತಂದರೆ ನೀಲಗಿರಿಯೇ, ಮರವೂ ನೀಲಗಿರಿಯೇ. ಈ ಸಂತೋಷ ಇಂಗ್ಲಿಷಿನಲ್ಲಿ ಸಿಗುವಂಥದ್ದಲ್ಲ.

ಹತ್ತು ನಿಮಿಷ ಇಳಿಯುವಷ್ಟರಲ್ಲಿ ಕಾಡು ಬದಲಾಗುತ್ತದೆ. ತೊಗಟೆಯ ಸದ್ದು ನಿಂತು ಕಾಲಡಿ ಒದ್ದೆ ಮಣ್ಣು. ಆಗುಂಬೆಯ ಒಳದಾರಿಗೆ ಕಾಲಿಟ್ಟ ಹಾಗೆ ತಣ್ಣನೆ ಗಾಳಿ ಮುಖಕ್ಕೆ ತಾಗುತ್ತದೆ. ಆಳೆತ್ತರದ ಮರಜರೀಗಿಡಗಳು, ಪಾಚಿ ಹಿಡಿದ ಕೋಚ್‌ವುಡ್ ಮರಗಳು. ಮೆಟ್ಟಿಲುಗಳು ಮರಳುಗಲ್ಲಿನವು, ಒಂದೊಂದು ಒಂದೊಂದು ಎತ್ತರ. ಮಧ್ಯಭಾಗ ಸವೆದು ತಟ್ಟೆಯ ಹಾಗೆ ತಗ್ಗಾಗಿ ಅದರಲ್ಲಿ ನೀರು ನಿಂತಿರುತ್ತದೆ. ಕಾಲಿಡಬೇಕಾದ್ದು ಮೆಟ್ಟಿಲಿನ ಅಂಚಿನ ಒರಟು ಭಾಗದಲ್ಲಿ, ನಯವಾದ ಮಧ್ಯದಲ್ಲಿ ಅಲ್ಲ. ಇಲ್ಲಿ ಬೀಳುವವರು ಬಹುತೇಕ ಮಧ್ಯದಲ್ಲಿ ಹಿಮ್ಮಡಿ ಊರಿ ಬೀಳುತ್ತಾರೆ.

ತಳ ಸೇರುತ್ತಿದ್ದ ಹಾಗೆ ದಾರಿ ದೊಡ್ಡ ಬಂಡೆಯ ಚಾಚಿನ ಕೆಳಗೆ ಹಾದು, ಒಂದು ಪುಟ್ಟ ಸುರಂಗ ನುಗ್ಗಿ, ಕ್ಯಾನಿಯನ್‌ನ ಗೋಡೆಗೆ ಅಂಟಿಕೊಂಡು ಸಾಗುತ್ತದೆ. ನೀವು ನಡೆಯುವುದು ಗೋಡೆಯ ನಡುಮಟ್ಟದಲ್ಲಿ. ಕೆಳಗೆ ಗ್ರೀವ್ಸ್ ಹಳ್ಳ ಎಷ್ಟು ಕಿರಿದಾದ ಬಿರುಕಿನಲ್ಲಿ ಹರಿಯುತ್ತದೆ ಅಂದರೆ ನೀರು ಕಾಣುವುದಿಲ್ಲ, ಸದ್ದು ಮಾತ್ರ ಮೇಲೆ ಬರುತ್ತದೆ. ಕೆಲವೊಮ್ಮೆ ಹಗ್ಗ ಕಟ್ಟಿ ಇಳಿದ ಕ್ಯಾನಿಯನಿಂಗ್ ತಂಡದ ಮಾತೂ ಕೇಳುತ್ತದೆ. ಗೋಡೆಯ ಪದರಗಳನ್ನು ಅಂಗೈ ಇಟ್ಟು ನೋಡಬಹುದು, ಒರಟು ಮರಳುಗಲ್ಲಿನ ನಡುವೆ ಬೆರಳಗಲದ ಮೆತ್ತನೆ ಪದರ, ಅದರಿಂದ ಹನಿ ಹನಿ ನೀರು, ಆ ಹನಿಯನ್ನೇ ನಂಬಿ ಬದುಕಿದ ಉಗುರಿನಷ್ಟು ಜರೀಗಿಡ. ಮೇಲೆ ಬಿದ್ದ ಮಳೆ ಮರಳುಗಲ್ಲಿನಲ್ಲಿ ಇಂಗಿ, ಕೆಳಗಿನ ಜೇಡಿ ಪದರ ದಾಟಲಾಗದೆ ಪಕ್ಕಕ್ಕೆ ಹರಿದು ಇಲ್ಲಿ ಜಿನುಗುತ್ತದೆ. ಗೈಡ್ ಇಲ್ಲಿ ಎರಡು ನಿಮಿಷ ನಿಲ್ಲಿಸಿ ಇದನ್ನು ವಿವರಿಸಿದರೆ ಮುಂದಿನ ದಾರಿಯೆಲ್ಲ ಬೇರೆಯಾಗಿ ಕಾಣುತ್ತದೆ.

ಆಮೇಲೆ ದಾರಿ ಹಳ್ಳಕ್ಕೇ ಇಳಿಯುತ್ತದೆ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬೇಕಾದ ಜಾಗಗಳಿವೆ. ಮಳೆ ಬಂದ ಮರುದಿನ ಆ ಕಲ್ಲುಗಳ ಮೇಲೆ ನೀರು ಹರಿಯುತ್ತಿದ್ದರೆ ಗೈಡ್ ಗುಂಪನ್ನು ವಾಪಸ್ ಕರೆದುಕೊಂಡು ಹೋಗಬಹುದು. ಹಾಗೆ ಮಾಡಿದರೆ ಅವರಿಗೆ ಒಂದು ಸ್ಟಾರ್ ಕಡಿಮೆ ಕೊಡಬೇಡಿ, ಹೆಚ್ಚು ಕೊಡಿ. ಕಿರಿದಾದ ಕಣಿವೆಯಲ್ಲಿ ನೀರು ಏರುವುದು ನಿಮಿಷಗಳ ಲೆಕ್ಕದಲ್ಲಿ. ಕೊನೆಯಲ್ಲಿ ಎವನ್ಸ್ ಲುಕ್‌ಔಟ್‌ಗೆ ಏರು: ಸುಮಾರು 200 ಮೀಟರ್ ಎತ್ತರ, ಬಹುಪಾಲು ಮೆಟ್ಟಿಲು. ಮಾತಾಡುತ್ತಾ ಹತ್ತಲು ಆಗುವಷ್ಟೇ ವೇಗ ಇಟ್ಟುಕೊಳ್ಳಿ. ಮಾತು ತುಂಡಾಗುತ್ತಿದೆ ಅಂದರೆ ವೇಗ ಜಾಸ್ತಿಯಾಯಿತು ಅಂತ. ಮೇಲೆ ಬಂದಾಗ ಗ್ರೋಸ್ ಕಣಿವೆ ಪೂರ್ತಿ ತೆರೆದುಕೊಳ್ಳುತ್ತದೆ. ಎಕೋ ಪಾಯಿಂಟ್‌ನ ಜನಜಂಗುಳಿ ಇಲ್ಲಿರುವುದಿಲ್ಲ. ಲೈರ್‌ಬರ್ಡ್ ಅನ್ನುವ ಹಕ್ಕಿ ಈ ದಾರಿಯಲ್ಲಿ ಆಗಾಗ ಎಲೆ ಕೆದಕುತ್ತಾ ಸಿಗುತ್ತದೆ, ನಮ್ಮ ನಾಟಿಕೋಳಿಯಷ್ಟು ಗಾತ್ರ, ಕಂದು ಬಣ್ಣ. ಬೇರೆ ಹತ್ತಾರು ಹಕ್ಕಿಗಳ ಕೂಗನ್ನು ಒಂದರ ಹಿಂದೆ ಒಂದು ಅನುಕರಣೆ ಮಾಡುತ್ತದೆ. ಒಂದೇ ಪೊದೆಯಿಂದ ಐದು ಹಕ್ಕಿಗಳ ದನಿ ಕೇಳಿದರೆ ಸುಮ್ಮನೆ ನಿಂತುಬಿಡಿ.

ವೆಂಟ್ವರ್ತ್ ಫಾಲ್ಸ್ ಇನ್ನೊಂದು ಒಳ್ಳೆಯ ಆಯ್ಕೆ. ಜಲಪಾತದ ಒಟ್ಟು ಎತ್ತರ 187 ಮೀಟರ್. 1836ರಲ್ಲಿ ಚಾರ್ಲ್ಸ್ ಡಾರ್ವಿನ್ ಇಲ್ಲಿಗೆ ಬಂದಿದ್ದರು, ಊರಿನಿಂದ ಹಳ್ಳದ ಗುಂಟ ಹೋಗುವ ಕಾಲುದಾರಿಗೆ ಅವರದೇ ಹೆಸರು. ಇಲ್ಲಿನ ನ್ಯಾಷನಲ್ ಪಾಸ್ ದಾರಿ ಬ್ಲೂ ಮೌಂಟನ್ಸ್‌ನ ಅತ್ಯಂತ ಚೆಲುವಾದ ದಾರಿ ಅಂತ ಧೈರ್ಯವಾಗಿ ಹೇಳಬಹುದು. ಪ್ರಪಾತದ ಅರ್ಧ ಎತ್ತರದಲ್ಲಿ, ಬಂಡೆಯ ಅಂಚಿನ ಮೇಲೆ ಗಂಟೆಗಟ್ಟಲೆ ನಡೆಯುವ ದಾರಿ, ನೂರು ವರ್ಷಕ್ಕೂ ಹಿಂದೆ ಕೈಯಲ್ಲೇ ಕಡಿದದ್ದು. ಅಲ್ಲಿ ಅಂಚು ಸಿಕ್ಕಿದ್ದೇ ಆ ಮೆತ್ತನೆ ಜೇಡಿ ಪದರದಿಂದ: ಮೇಲೆ ಕೆಳಗೆ ಗಟ್ಟಿ ಮರಳುಗಲ್ಲು, ನಡುವಿನ ಜೇಡಿ ಬೇಗ ಸವೆದು ನಡೆಯುವಷ್ಟು ಅಗಲದ ಚಾಚು ಆಗಿದೆ. ಅದೇ ಪದರ ಅಪಾಯವೂ ಹೌದು. ಜೇಡಿ ಸವೆದಂತೆ ಮೇಲಿನ ಬಂಡೆಗೆ ಬುಡದ ಆಸರೆ ತಪ್ಪುತ್ತದೆ, ವಾರಗಟ್ಟಲೆ ಮಳೆ ಹಿಡಿದರೆ ಕಳಚಿ ಬೀಳುತ್ತದೆ. 2022ರ ಏಪ್ರಿಲ್‌ನಲ್ಲಿ ಇದೇ ಕಣಿವೆಯ ವೆಂಟ್ವರ್ತ್ ಪಾಸ್ ದಾರಿಯಲ್ಲಿ ಭೂಕುಸಿತಕ್ಕೆ ಸಿಕ್ಕಿ ಪ್ರವಾಸಿ ಕುಟುಂಬವೊಂದರ ತಂದೆ, ಮಗ ತೀರಿಕೊಂಡರು. ಆಮೇಲೆ ದಾರಿ ಮುಚ್ಚುವ ವಿಷಯದಲ್ಲಿ ಪಾರ್ಕಿನವರು ಬಹಳ ಬಿಗಿಯಾಗಿದ್ದಾರೆ, ಇರಲೇಬೇಕು.

ಹಾಗಾಗಿ ಈ ಟ್ರಿಪ್‌ಗಳ ಬಗ್ಗೆ ಸಾಮಾನ್ಯವಾಗಿ ಬರುವ ದೂರು, ‘ಹೇಳಿದ ದಾರಿ ಬಿಟ್ಟು ಬೇರೆ ದಾರಿಗೆ ಕರೆದೊಯ್ದರು’ ಅನ್ನುವುದು, ಎಲ್ಲ ಸಲವೂ ನ್ಯಾಯವಾದದ್ದಲ್ಲ. ಕುಸಿತ, ಮುರಿದ ಮರ, ದುರಸ್ತಿ, ಕಾಡ್ಗಿಚ್ಚಿನ ಭಯ, ಯಾವುದಾದರೊಂದು ಕಾರಣಕ್ಕೆ ಯಾವುದಾದರೊಂದು ದಾರಿ ಯಾವಾಗಲೂ ಮುಚ್ಚಿರುತ್ತದೆ. ನ್ಯೂ ಸೌತ್ ವೇಲ್ಸ್ ನ್ಯಾಷನಲ್ ಪಾರ್ಕ್ಸ್‌ನ ವೆಬ್‌ಸೈಟಿನಲ್ಲಿ ಪ್ರತಿ ದಾರಿಯ ಪುಟದಲ್ಲೂ ಸ್ಥಳೀಯ ಎಚ್ಚರಿಕೆಗಳಿರುತ್ತವೆ, ಹಿಂದಿನ ಸಂಜೆ ನೀವೇ ನೋಡಬಹುದು. ನ್ಯಾಯವಾದ ದೂರು ಬೇರೆ ಇದೆ: ತಿಂಗಳುಗಟ್ಟಲೆಯಿಂದ ಮುಚ್ಚಿರುವ ದಾರಿಯ ಫೋಟೋ ಹಾಕಿ, ಅದರ ಹೆಸರಿನಲ್ಲೇ ಟಿಕೆಟ್ ಮಾರಿ, ವ್ಯಾನ್ ಹತ್ತಿದ ಮೇಲೆ ‘ಇವತ್ತು ಕ್ಲೋಸ್’ ಅನ್ನುವುದು. ಬುಕ್ ಮಾಡುವಾಗಲೇ ಕೇಳಿ: ಆ ದಾರಿ ಈಗ ತೆರೆದಿದೆಯೇ, ಮುಚ್ಚಿದರೆ ಬದಲಿ ಯಾವುದು, ಆ ಬದಲಿಯಲ್ಲಿ ನಡಿಗೆ ಎಷ್ಟು ಗಂಟೆ, ಪೂರ್ತಿ ರದ್ದಾದರೆ ದುಡ್ಡು ವಾಪಸ್ಸೋ ಬೇರೆ ದಿನಾಂಕವೋ. ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.

ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಡಿಸೆಂಬರ್‌ನಿಂದ ಫೆಬ್ರವರಿ, ಬೆಂಕಿಯ ಲೆಕ್ಕವೂ ಸೇರುತ್ತದೆ. 2019–20ರ ಕಾಡ್ಗಿಚ್ಚಿನಲ್ಲಿ ಈ ವಿಶ್ವಪರಂಪರೆ ಪ್ರದೇಶದ ಸುಮಾರು ಶೇ. 80 ಭಾಗ ಸುಟ್ಟಿತ್ತು. ಈಗ ಬೆಂಕಿಯ ಅಪಾಯವನ್ನು ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಸ್ಟ್ರಾಫಿಕ್ ಅಂತ ನಾಲ್ಕು ಹಂತದಲ್ಲಿ ಹೇಳುತ್ತಾರೆ. ಮೇಲಿನ ಎರಡು ಹಂತಗಳಲ್ಲಿ ಟ್ರಿಪ್ ಇಲ್ಲ ಅಂದುಕೊಂಡೇ ದಿನ ಗೊತ್ತುಮಾಡಿ. ಸಿಡ್ನಿಯಿಂದ ವಿಮಾನ ಹತ್ತುವ ಕೊನೇ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಚಳಿಗಾಲದ ತೊಂದರೆ ಬೇರೆ. ಜುಲೈನಲ್ಲಿ ಕಟೂಂಬಾದಲ್ಲಿ ಮಧ್ಯಾಹ್ನವೂ 10 ಡಿಗ್ರಿ ದಾಟದ ದಿನಗಳಿರುತ್ತವೆ, ಜೂನ್ ಕೊನೆಯಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಕಣಿವೆಯೊಳಗೆ ಅದಕ್ಕೂ ಒಂದು ಗಂಟೆ ಮೊದಲೇ ಕತ್ತಲು. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್ ಹದವಾದ ಕಾಲ.

ಗೈಡ್‌ನ ಬ್ಯಾಗಿನಲ್ಲಿ ಏನಿದೆ ಅನ್ನುವುದನ್ನು ಸಂಕೋಚವಿಲ್ಲದೆ ಕೇಳಿ. ಇರಬೇಕಾದ್ದು: 406 ಮೆಗಾಹರ್ಟ್ಸ್‌ನ ಪಿಎಲ್‌ಬಿ, ಅಂದರೆ ಬಟನ್ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ತಂಡಕ್ಕೆ ಜಾಗ ತಿಳಿಸುವ ಸಾಧನ. ಕಣಿವೆಯ ತಳದಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ತುರ್ತು ಸಂಖ್ಯೆ 000 ಯಾವ ಕಂಪನಿಯ ನೆಟ್‌ವರ್ಕ್ ಸಿಕ್ಕರೂ ಹೋಗುತ್ತದೆ, ಆದರೆ ಒಂದೂ ಇಲ್ಲದ ಕಡೆ ಅದೂ ಹೋಗದು. ಎರಡನೆಯದು ಕನಿಷ್ಠ ಮೂರು ಅಗಲವಾದ ಎಲಾಸ್ಟಿಕ್ ಬ್ಯಾಂಡೇಜ್. ಆಸ್ಟ್ರೇಲಿಯಾದಲ್ಲಿ ಹಾವು ಕಚ್ಚಿದರೆ, ಫನಲ್‌ವೆಬ್ ಜೇಡ ಕಚ್ಚಿದರೆ ಮಾಡುವ ಪ್ರಥಮ ಚಿಕಿತ್ಸೆ ಇದು: ಕಚ್ಚಿದ ಜಾಗದಿಂದ ಹಿಡಿದು ಇಡೀ ಕಾಲು ಅಥವಾ ಕೈಗೆ ಉಳುಕಿಗೆ ಕಟ್ಟುವಷ್ಟೇ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅಲುಗಾಡದ ಹಾಗೆ ಕೋಲಿನ ಆಸರೆ ಕೊಟ್ಟು, ಕಚ್ಚಿದವರನ್ನು ಒಂದು ಹೆಜ್ಜೆಯೂ ನಡೆಸದೆ ಮಲಗಿಸುವುದು. ಗಾಯ ತೊಳೆಯಬಾರದು, ಕೊಯ್ಯಬಾರದು, ಹಗ್ಗ ಬಿಗಿಯಬಾರದು. ಫನಲ್‌ವೆಬ್‌ಗೆ 1981ರಲ್ಲಿ ಪ್ರತಿವಿಷ ಬಂದ ಮೇಲೆ ಅದರ ಕಡಿತದಿಂದ ಯಾರೂ ಸತ್ತಿಲ್ಲ, ಹೆದರಿ ಮನೆಯಲ್ಲೇ ಕೂರಬೇಕಿಲ್ಲ. ಕುಳಿತುಕೊಳ್ಳುವ ಮರದ ದಿಮ್ಮಿಯ ಹಿಂಬದಿ ಒಮ್ಮೆ ನೋಡಿ, ಬಿಲದೊಳಗೆ ಬೆರಳು ಹಾಕಬೇಡಿ.

ಗೈಡ್‌ಗೆ ರಿಮೋಟ್ ಏರಿಯಾ ಫಸ್ಟ್ ಏಡ್ ತರಬೇತಿ ಆಗಿದೆಯೇ, ಕಂಪನಿಗೆ ಪಾರ್ಕ್ಸ್ ಇಕೋ ಪಾಸ್ ಲೈಸೆನ್ಸ್ ಇದೆಯೇ ಎಂದೂ ಕೇಳಬಹುದು. ರಾಷ್ಟ್ರೀಯ ಉದ್ಯಾನದಲ್ಲಿ ದುಡ್ಡು ತೆಗೆದುಕೊಂಡು ಜನರನ್ನು ನಡೆಸಬೇಕಾದರೆ ಅದು ಬೇಕು. ಗುಂಪಿನ ಗಾತ್ರ ಬಹಳ ಮುಖ್ಯ. ಒಬ್ಬ ಗೈಡ್‌ಗೆ ಹತ್ತು ಹನ್ನೆರಡು ಜನ ಸರಿ. ಇಪ್ಪತ್ತು ದಾಟಿ ಒಬ್ಬನೇ ಇದ್ದರೆ, ಅವನೇ ಡ್ರೈವರ್ ಕೂಡ ಆಗಿದ್ದರೆ, ಕಿರಿದಾದ ಮೆಟ್ಟಿಲಲ್ಲಿ ಮುಂದಿನವರಿಗೂ ಹಿಂದಿನವರಿಗೂ ಇಪ್ಪತ್ತು ನಿಮಿಷದ ಅಂತರ ಬೀಳುತ್ತದೆ. ಹಿಂದೆ ಉಳಿದವರಿಗೆ ವಿವರಣೆ ಸಿಗುವುದಿಲ್ಲ, ವಿಶ್ರಾಂತಿಯೂ ಸಿಗುವುದಿಲ್ಲ, ಅವರು ಬಂದು ಸೇರುವ ಹೊತ್ತಿಗೆ ಮುಂದಿನವರು ಎದ್ದಿರುತ್ತಾರೆ. ನಿಧಾನ ನಡೆಯುವವರು ಮೊದಲೇ ಹೇಳಿ ಗೈಡ್‌ನ ಬೆನ್ನಿಗೇ ನಡೆಯಬೇಕು. ಆಗ ಗುಂಪಿನ ವೇಗ ತಾನಾಗಿ ಸರಿಹೋಗುತ್ತದೆ.

ದಾರಿಗಳಿಗೆ ಅಲ್ಲಿ 1ರಿಂದ 5ರವರೆಗೆ ಗ್ರೇಡ್ ಇರುತ್ತದೆ. ಕಣಿವೆಗೆ ಇಳಿದು ಹತ್ತುವ ಒಂದು ದಿನದ ದಾರಿಗಳು ಬಹುಪಾಲು 3 ಅಥವಾ 4. ವಾರಕ್ಕೊಮ್ಮೆ ನಂದಿಬೆಟ್ಟವೋ ಚಾಮುಂಡಿಬೆಟ್ಟವೋ ಮೆಟ್ಟಿಲಿನಲ್ಲಿ ಹತ್ತುವವರಿಗೆ 4 ಕಷ್ಟವಾಗದು. ಚಾಮುಂಡಿಗೆ ಸಾವಿರ ಮೆಟ್ಟಿಲು, ಕಟೂಂಬಾದ ಜೈಂಟ್ ಸ್ಟೇರ್‌ವೇ ಎಂಟುನೂರಕ್ಕೂ ಹೆಚ್ಚು, ಲೆಕ್ಕ ಸುಲಭ. ಆದರೆ ಜೈಂಟ್ ಸ್ಟೇರ್‌ವೇ ಪ್ರಪಾತಕ್ಕೆ ಆತುಕೊಂಡು ಇಳಿಯುತ್ತದೆ, ಕೆಲವು ಕಡೆ ಉಕ್ಕಿನ ಮೆಟ್ಟಿಲು, ಏಣಿಯಷ್ಟು ಕಡಿದು. ಮಂಡಿನೋವು ಇದ್ದವರಿಗೆ ಇಳಿಯುವುದೇ ಕಷ್ಟ. ತಳದಿಂದ ಸೀನಿಕ್ ರೈಲ್ವೆಯಲ್ಲಿ ಮೇಲೆ ಬರುವ ಯೋಜನೆ ಇದ್ದರೆ ಅದರ ಟಿಕೆಟ್ ಟೂರಿನ ದರದಲ್ಲಿ ಸೇರಿದೆಯೇ ಕೇಳಿ. ದಿನದ ಪಾಸ್ 50 ಡಾಲರ್ ಮೇಲೆಯೇ ಆಗುತ್ತದೆ, ಹೆಚ್ಚಿನ ಟೂರುಗಳಲ್ಲಿ ಅದು ಪ್ರತ್ಯೇಕ. 52 ಡಿಗ್ರಿ ಇಳಿಜಾರಿನ ಆ ರೈಲು ಒಂದು ಕಾಲದಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದದ್ದು. ಸಂಜೆಗೆ ನಿಂತುಹೋಗುತ್ತದೆ, ತಪ್ಪಿದರೆ ಮತ್ತೆ ಸಾವಿರದ ಆಸುಪಾಸು ಮೆಟ್ಟಿಲು.

ಉಡುಗೆ ತೊಡುಗೆಯಲ್ಲಿ ಒಂದೇ ಒತ್ತಿ ಹೇಳಬೇಕಾದ್ದು ಶೂ. ಅಡಿಭಾಗ ಸವೆದ ಜಾಗಿಂಗ್ ಶೂ ಒದ್ದೆ ಮರಳುಗಲ್ಲಿನ ಮೇಲೆ ಹಿಡಿತ ಕೊಡುವುದಿಲ್ಲ. ಹಿಂದಿನ ದಿನ ಕಾಲುಗುರು ಕತ್ತರಿಸಿ. ಇಳಿಯುವ ಮೊದಲು ಲೇಸು ಪಾದದ ಗಂಟಿನ ಹತ್ತಿರ ಬಿಗಿಯಾಗಿ ಕಟ್ಟಿ ಹಿಮ್ಮಡಿ ಹಿಂದಕ್ಕೆ ಕೂರುವಂತೆ ಮಾಡಿ. ಇಲ್ಲದಿದ್ದರೆ ಬೆರಳುಗಳು ಮುಂದೆ ಜಾರಿ ಜಾರಿ ಶೂಗೆ ಬಡಿದು ಉಗುರು ಕಪ್ಪಾಗುತ್ತದೆ. ಮಳೆಯ ಮರುದಿನ ಇಂಬಳ ಇರುತ್ತವೆ. ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ, ಕಾಲುಚೀಲದೊಳಗೆ ಪ್ಯಾಂಟ್ ತುರುಕಿ, ಒಂದು ಪೊಟ್ಟಣ ಉಪ್ಪು ಜೇಬಿನಲ್ಲಿರಲಿ.

ನೀರು ತಲೆಗೆ 2 ಲೀಟರ್, ಬೇಸಿಗೆಯಲ್ಲಿ 3. ಹಳ್ಳದ ನೀರು ಕನ್ನಡಿಯಷ್ಟು ತಿಳಿಯಾಗಿ ಕಂಡರೂ ಕುಡಿಯಬೇಡಿ, ಊರುಗಳು ಮೇಲಿವೆ, ಅವುಗಳ ಚರಂಡಿ ನೀರು ಹರಿದು ಬರುವುದು ಇಲ್ಲಿಗೇ. ಊಟ ಸೇರಿದೆ ಅಂದರೆ ಸಾಮಾನ್ಯವಾಗಿ ರ‍್ಯಾಪ್ ಅಥವಾ ಸ್ಯಾಂಡ್‌ವಿಚ್, ಒಂದು ಹಣ್ಣು, ಒಂದು ಬಿಸ್ಕತ್ತು. ‘ವೆಜಿಟೇರಿಯನ್’ ಅಂದರೆ ಅಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆಯೂ ಬೇಡದವರು ಬುಕಿಂಗ್‌ನಲ್ಲೇ ಬಿಡಿಸಿ ಬರೆಯಿರಿ. ಅದಕ್ಕಿಂತ ಎರಡು ಚಪಾತಿಗೆ ಚಟ್ನಿಪುಡಿ ಸವರಿ ಸುರುಳಿ ಸುತ್ತಿ ಒಯ್ಯುವುದು ಸಲೀಸು: ಜಜ್ಜಿಹೋಗುವುದಿಲ್ಲ, ಸೋರುವುದಿಲ್ಲ, ನಿಂತುಕೊಂಡೇ ತಿನ್ನಬಹುದು. ಸಿಪ್ಪೆ, ಕಾಗದ ಎಲ್ಲ ವಾಪಸ್ ತರಬೇಕು, ದಾರಿಯಲ್ಲಿ ಕಸದ ಡಬ್ಬಿ ಇಲ್ಲ. ಟಿಪ್ಸ್ ಕೊಡುವ ಪದ್ಧತಿ ಇಲ್ಲ, ಕೊಡದಿದ್ದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಗೈಡ್ ಇಲ್ಲದೆ ಹೋಗಬಹುದೇ? ವೆಂಟ್ವರ್ತ್ ಫಾಲ್ಸ್‌ಗೂ ಕಟೂಂಬಾದ ಮೇಲಂಚಿನ ದಾರಿಗಳಿಗೂ ಖಂಡಿತ ಹೋಗಬಹುದು. ಸಿಡ್ನಿಯ ಸೆಂಟ್ರಲ್ ನಿಲ್ದಾಣದಿಂದ ಕಟೂಂಬಾಗೆ ರೈಲಿನಲ್ಲಿ ಎರಡು ಗಂಟೆ. ಓಪಲ್ ಅನ್ನುವ ರೈಲು–ಬಸ್ ಕಾರ್ಡಿನಲ್ಲಿ ಶುಕ್ರವಾರ, ಶನಿವಾರ, ಭಾನುವಾರ ದಿನದ ಗರಿಷ್ಠ ದರ ಉಳಿದ ದಿನಗಳ ಅರ್ಧ, ಹೋಗಿ ಬರುವುದಕ್ಕೆ ಹತ್ತು ಡಾಲರ್ ಆಸುಪಾಸು. ನಿಲ್ದಾಣದಿಂದ ನಡೆದೇ ದಾರಿಯ ಬಾಯಿ ಸೇರಬಹುದು, ಫಲಕಗಳು ಸ್ಪಷ್ಟವಾಗಿವೆ. ಹಾಗೆ ಹೋಗುವವರಿಗೆ ಪೊಲೀಸರು ಮತ್ತು ಪಾರ್ಕಿನವರು ಪಿಎಲ್‌ಬಿಯನ್ನು ಉಚಿತವಾಗಿ ಎರವಲು ಕೊಡುತ್ತಾರೆ. ಕಟೂಂಬಾ ಪೊಲೀಸ್ ಠಾಣೆಯಲ್ಲಿ, ಬ್ಲ್ಯಾಕ್‌ಹೀತ್‌ನ ಪಾರ್ಕ್ ಕಚೇರಿಯಲ್ಲಿ ಸಿಗುತ್ತದೆ, ಹೋಗುವ ದಾರಿ, ವಾಪಸ್ ಬರುವ ಹೊತ್ತು ಬರೆದುಕೊಟ್ಟರೆ ಸಾಕು. ಇಷ್ಟು ಒಳ್ಳೆಯ ಸೌಲಭ್ಯವನ್ನು ಹೆಚ್ಚಿನ ಪ್ರವಾಸಿಗಳು ಬಳಸುವುದೇ ಇಲ್ಲ.

ಆದ್ದರಿಂದ ತೀರ್ಪು ಹೀಗೆ. ಎಕೋ ಪಾಯಿಂಟ್, ಲ್ಯೂರಾ, ಸೀನಿಕ್ ವರ್ಲ್ಡ್ ಮಾತ್ರ ಇರುವ ಟೂರಿಗೆ ‘ಹೈಕಿಂಗ್’ ಅನ್ನುವ ಹೆಸರಿನ ಮೇಲೆ 150 ಡಾಲರ್ ಕೊಡಬೇಡಿ, ರೈಲಿನಲ್ಲಿ ಹೋಗಿ ನೀವೇ ನೋಡಿ ಬನ್ನಿ. ಗ್ರ್ಯಾಂಡ್ ಕ್ಯಾನಿಯನ್‌ನಂಥ, ನಿಲ್ದಾಣದಿಂದ ದೂರದ ದಾರಿ, ಹನ್ನೆರಡರ ಒಳಗಿನ ಗುಂಪು, ನಾಲ್ಕು ಗಂಟೆ ನಡಿಗೆ, ಕಲ್ಲು, ಮರ, ಹಕ್ಕಿ ಬಲ್ಲ ಗೈಡ್, ಇಷ್ಟು ಕೂಡಿಬಂದರೆ ಕಾಸಿಗೆ ತಕ್ಕ ಕಜ್ಜಾಯ, ಐದಕ್ಕೆ ನಾಲ್ಕೂವರೆ ಸ್ಟಾರ್. ವಾರದ ನಡುವಿನ ದಿನ ಆರಿಸಿ. ಭಾನುವಾರ ಸಂಜೆ ಗ್ರೇಟ್ ವೆಸ್ಟರ್ನ್ ಹೈವೇಯಲ್ಲಿ ಇಡೀ ಸಿಡ್ನಿ ಬೆಟ್ಟದಿಂದ ಇಳಿಯುತ್ತಿರುತ್ತದೆ.

ಬೆಂಗಳೂರಿನಿಂದ ಹೊಸದಾಗಿ ವಿಮಾನ ಹತ್ತುವವರಿಗೆ ಒಂದು ಮಾತು. ಟ್ರೆಕ್ ಶೂವನ್ನು ಸೂಟ್‌ಕೇಸಿಗೆ ಹಾಕುವ ಮುಂಚೆ ಅಡಿಭಾಗದ ಗೀರುಗಳನ್ನು ಹಳೇ ಟೂತ್‌ಬ್ರಶ್‌ನಿಂದ ತಿಕ್ಕಿ ತೊಳೆದು ಒಣಗಿಸಿ. ಕೊಡಚಾದ್ರಿಯ ಕೆಂಪು ಮಣ್ಣು ಒಂದು ಚೂರು ಇದ್ದರೂ ಸಿಡ್ನಿ ವಿಮಾನ ನಿಲ್ದಾಣದ ಬಯೋಸೆಕ್ಯೂರಿಟಿ ಸಿಬ್ಬಂದಿ ಹಿಡಿಯುತ್ತಾರೆ. ತೊಳೆದಿದ್ದರೂ ಡಿಕ್ಲರೇಶನ್‌ನಲ್ಲಿ ‘ಹೌದು’ ಅಂತ ಗುರುತು ಹಾಕಿ ತೋರಿಸಿ. ತೋರಿಸಿದವರಿಗೆ ಎರಡು ನಿಮಿಷದ ಕೆಲಸ, ಮುಚ್ಚಿಟ್ಟವರಿಗೆ ದಂಡ. ಚಟ್ನಿಪುಡಿಯನ್ನೂ ಹಾಗೆಯೇ ಬರೆದು ತೋರಿಸಿ. ಬ್ಲೂ ಮೌಂಟನ್ಸ್‌ನ ಕೆಲವು ದಾರಿಗಳ ಬಾಯಲ್ಲೂ ಶೂ ಉಜ್ಜುವ ಬ್ರಶ್ ಇಟ್ಟಿರುತ್ತಾರೆ. ಫೈಟಾಫ್ತೊರಾ ಅನ್ನುವ ಬೇರು ಕೊಳೆಸುವ ರೋಗ ಕೆಸರಿನ ಜೊತೆ ಕಾಡಿನಿಂದ ಕಾಡಿಗೆ ಹರಡುತ್ತದೆ. ಅಡಿಕೆ ತೋಟದ ಕೊಳೆರೋಗಕ್ಕೆ ಕಾರಣವಾದದ್ದೂ ಇದೇ ಕುಲದ್ದು. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬಂದಾಗ ಒಮ್ಮೆ ಉಜ್ಜಿ.